ಸೊನ್ನಲಿಗೆಯಲ್ಲಿ ಎರಡು ದಿನ

ಬಿಡುವು ದೊರೆತೊಡನೆ ಹಂಪಿ, ಬಾದಾಮಿಗಳನ್ನು ನೆನೆಯುವ ಮುಂಬಯಿಯ ಕನ್ನಡ ಕುಟುಂಬಗಳು ದಾರಿಯಲ್ಲೇ ಇರುವ ಸೊಲ್ಲಾಪುರದಲ್ಲಿ ಇಳಿಯುವುದು ವಿರಳ. ಶುಕ್ರವಾರ ರಾತ್ರಿಯ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗಿಗೆ ಊರು ಸೇರಬಹುದು. ಒಂದು ರಾತ್ರಿಯ ವಸತಿವೆಚ್ಚವೂ ಉಳಿಯುತ್ತದೆ.

12ನೆಯ ಶತಮಾನದ ವಚನಕಾರ ಸಿದ್ಧರಾಮರ ಸೊನ್ನಲಿಗೆಯೇ ಇದು. ಅವರೇ ಕಟ್ಟಿಸಿದರೆಂಬ ಪ್ರತೀತಿಯುಳ್ಳ ಕೆರೆಯ ನಡುವೆ ಸಿದ್ಧೇಶ್ವರ ದೇವಾಲಯವಿದೆ, ಪಕ್ಕದಲ್ಲೇ ಭುಯಿಕೋಟೆ. ಎರಡನ್ನೂ ಕಾಲ್ನಡಿಗೆಯಲ್ಲೇ ನೋಡಬಹುದು. ಬಳಿಕ ಮಕ್ಕಳಿಗೆ ನಾಲ್ವರು ಹುತಾತ್ಮರ ಪ್ರತಿಮೆಗಳನ್ನು ತೋರಿಸಬೇಕು. 1930ರ ಮೇ ತಿಂಗಳಲ್ಲಿ ಈ ನಗರದ ಮೇಲೆ ಲಷ್ಕರಿ ಕಾಯ್ದೆ ಹೇರಲಾಯಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಇವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು.

ರವಿವಾರ ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆಗೆ ಸರಕಾರಿ ಬಸ್ಸೇ ಮೇಲು. ಅಲ್ಲಿಯ ರೈಲು ನಿಲ್ದಾಣ ಊರಿನಿಂದ ದೂರವಿದ್ದು, ಆಟೋ ಬಾಡಿಗೆ ಉಳಿತಾಯವನ್ನು ನುಂಗುತ್ತದೆ. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ದರ್ಶನದ ನಂತರ ಅನ್ನಛತ್ರದಲ್ಲಿ ಉಚಿತ ಪ್ರಸಾದ ದೊರೆಯುತ್ತದೆ.

ಅಂಗಡಿಗಳ ಫಲಕ ಮರಾಠಿಯಲ್ಲಿದ್ದರೂ ಪೇಟೆಯಲ್ಲಿ ಇಂದಿಗೂ ಕನ್ನಡ ಕಿವಿಗೆ ಬೀಳುತ್ತದೆ. ಬೆಲೆಯನ್ನು ಮಕ್ಕಳಿಂದಲೇ, ಕನ್ನಡದಲ್ಲೇ ಕೇಳಿಸಬೇಕು. ಅದಕ್ಕೆ ಖರ್ಚಿಲ್ಲ. ಕೇಳುವವರು ಇಲ್ಲವಾದರೆ ನಾಳೆ ಉತ್ತರಿಸುವವರೂ ಉಳಿಯಲಾರರು.