ಬಿ-59ರಲ್ಲಿ ಮತದಾನ ನಡೆದಿರಲಿಲ್ಲ

ಅಕ್ಟೋಬರ್ ಬಂತೆಂದರೆ ಅದೇ ಕಥೆ ಮೊಬೈಲಿಗೆ ಬಂದು ಬೀಳುತ್ತದೆ. 1962ರ ಕ್ಯೂಬಾ ಬಿಕ್ಕಟ್ಟು, ಸೋವಿಯತ್ ಸಬ್‌ಮರೀನ್ ಬಿ-59, ಒಳಗೆ ಮೂವರು ಅಧಿಕಾರಿಗಳು. ಅಣ್ವಸ್ತ್ರ ಟಾರ್ಪೆಡೊ ಹಾರಿಸೋಣವೇ ಎಂದು ಮತ ಹಾಕಿದರಂತೆ. ಇಬ್ಬರು ಹೂಂ ಅಂದರಂತೆ, ವಾಸಿಲಿ ಅರ್ಖಿಪೊವ್ ಒಬ್ಬರೇ ಉಹೂಂ ಅಂದರಂತೆ, ಜಗತ್ತು ಉಳಿಯಿತಂತೆ. ಅರ್ಖಿಪೊವ್ ಮೇಲೆ ನನಗೆ ದೊಡ್ಡ ಗೌರವವಿದೆ. ಅದಕ್ಕೇ ಈ ಕಥೆ ಓದಿದಾಗಲೆಲ್ಲ ರೇಗುತ್ತದೆ.

ಆ ಅಕ್ಟೋಬರ್ 27ರಂದು ಒಳಗೆ ಏನಾಯಿತೆಂದು ಹೇಳಿದವರು ಅದೇ ಸಬ್‌ಮರೀನಿನ ರೇಡಿಯೊ ಕದ್ದಾಲಿಕೆ ತಂಡದ ಮುಖ್ಯಸ್ಥ ವದೀಂ ಆರ್ಲೊವ್. ಅವರ ಮಾತು ಲೋಕಕ್ಕೆ ತಿಳಿದದ್ದು 2002ರಲ್ಲಿ. ಮೇಲಿನಿಂದ ಅಮೆರಿಕದ ಡೆಸ್ಟ್ರಾಯರ್‌ಗಳು ಎಚ್ಚರಿಕೆಯ ಸಿಡಿಗುಂಡು ಎಸೆಯುತ್ತಿವೆ. ಬ್ಯಾಟರಿ ಬರಿದಾಗುತ್ತಿದೆ, ಒಳಗಿನ ಸೆಕೆ 45 ಡಿಗ್ರಿ ದಾಟಿದೆ, ಗಾಳಿ ಕೆಟ್ಟು ಜನ ಕುಸಿದು ಬೀಳುತ್ತಿದ್ದಾರೆ. ಮಾಸ್ಕೋ ಜತೆ ಸಂಪರ್ಕವಿಲ್ಲ. ಮೇಲೆ ಯುದ್ಧವೇ ಶುರುವಾಗಿರಬೇಕೆಂದು ಕ್ಯಾಪ್ಟನ್ ವ್ಯಾಲೆಂಟಿನ್ ಸವಿಟ್ಸ್ಕಿ ಕೆರಳಿ, ಟಾರ್ಪೆಡೊ ಸಜ್ಜು ಮಾಡಿ ಎಂದು ಕೂಗಿದರು. ಆಮೇಲೆ ಅರ್ಖಿಪೊವ್ ಜತೆ, ರಾಜಕೀಯ ಅಧಿಕಾರಿ ಇವಾನ್ ಮಸ್ಲೆನ್ನಿಕೊವ್ ಜತೆ ಮಾತಾಡಿ, ಸಿಟ್ಟು ಹತೋಟಿಗೆ ತಂದುಕೊಂಡು, ನೀರಿನ ಮೇಲೆ ಬರುವ ತೀರ್ಮಾನ ಮಾಡಿದರು. ಆರ್ಲೊವ್ ಹೇಳಿದ್ದು ಇಷ್ಟು. ಇದರಲ್ಲಿ ಮತ ಎಲ್ಲಿದೆ? ಇಷ್ಟನ್ನೂ ಜತೆಗಿದ್ದ ಇನ್ನೊಂದು ಸಬ್‌ಮರೀನ್ ಬಿ-4ರ ಕ್ಯಾಪ್ಟನ್ ರ್ಯೂರಿಕ್ ಕೆಟೊವ್ ನಂಬಲಿಲ್ಲ. ಸ್ವತಃ ಅರ್ಖಿಪೊವ್ 1997ರಲ್ಲಿ ಆ ದಿನದ ಬಗ್ಗೆ ಮಾತಾಡಿದ್ದರು. ಮೇಲೆ ಬಂದ ನಂತರ ವಿಮಾನಗಳು ತಗ್ಗಿನಲ್ಲಿ ಹಾರಿ ಗುಂಡು ಹಾರಿಸಿದ್ದನ್ನು, ಸವಿಟ್ಸ್ಕಿ ತುರ್ತಾಗಿ ಮುಳುಗಲು ಆಜ್ಞೆ ಕೊಟ್ಟದ್ದನ್ನು ಹೇಳಿದರೇ ಹೊರತು, ಮತದಾನದ ಸೊಲ್ಲೆತ್ತಲಿಲ್ಲ.

ಯುದ್ಧನೌಕೆ ಪಂಚಾಯ್ತಿ ಕಟ್ಟೆಯಲ್ಲ. ಅರ್ಖಿಪೊವ್ ಆ ಸಬ್‌ಮರೀನಿನ ಕೈಕೆಳಗಿನ ಅಧಿಕಾರಿಯೂ ಆಗಿರಲಿಲ್ಲ. ಬಿ-59 ಸೇರಿ ನಾಲ್ಕು ಸಬ್‌ಮರೀನುಗಳು ಕ್ಯೂಬಾ ಕಡೆ ಹೊರಟಿದ್ದವು, ಆ ಇಡೀ ಬ್ರಿಗೇಡಿನ ಸ್ಟಾಫ್ ಮುಖ್ಯಸ್ಥರು ಅವರು. ಹಿಂದಿನ ವರ್ಷ, 1961ರ ಜುಲೈನಲ್ಲಿ, ಅಣುಶಕ್ತಿಯ ಸಬ್‌ಮರೀನ್ ಕೆ-19ರ ರಿಯಾಕ್ಟರ್ ಕೆಟ್ಟಾಗ ಅದರಲ್ಲೇ ಇದ್ದರು. ವಿಕಿರಣಕ್ಕೆ ಸಿಕ್ಕಿದ ಜತೆಗಾರರು ಕೆಲವೇ ದಿನಗಳಲ್ಲಿ ಸತ್ತದ್ದನ್ನು ಕಂಡವರು. ಅಂಥವರು ಪಕ್ಕದಲ್ಲಿ ನಿಂತು ಸಮಾಧಾನವಾಗಿ ಆಡಿದ ಮಾತಿಗೆ ತೂಕ ಇದ್ದೇ ಇರುತ್ತದೆ.

ಈ ಕಥೆಯ ಜತೆಗೇ ಬರುವ, ಬಿ-59 ಅಣುಶಕ್ತಿಯ ಸಬ್‌ಮರೀನ್ ಎಂಬ ಮಾತೂ ಸುಳ್ಳು, ಅದು ಡೀಸೆಲ್-ಬ್ಯಾಟರಿಯದು. ಅರ್ಖಿಪೊವ್‌ರನ್ನು ಮನೆಗೆ ಕಳಿಸಿದರು ಎಂಬುದೂ ಸುಳ್ಳು: 1975ರಲ್ಲಿ ರಿಯರ್ ಅಡ್ಮಿರಲ್ ಆದರು, ಬಾಕುವಿನ ನೌಕಾ ಶಾಲೆಯ ಮುಖ್ಯಸ್ಥರಾದರು, 1981ರಲ್ಲಿ ವೈಸ್ ಅಡ್ಮಿರಲ್ ಆದರು.

ನನ್ನನ್ನು ಹೆಚ್ಚು ನೋಯಿಸುವುದು ಬೇರೆ. ಒಬ್ಬ ಒಳ್ಳೆಯವನಿಗೆ ಇಬ್ಬರು ಕೆಟ್ಟವರು ಎದುರು ನಿಲ್ಲದಿದ್ದರೆ ನಮಗೆ ಕಥೆಯೇ ರುಚಿಸುವುದಿಲ್ಲ. ಅದಕ್ಕಾಗಿ ಮಸ್ಲೆನ್ನಿಕೊವ್ ತಲೆಗೆ ಯಾರೋ ಒಂದು ಹೂಂ ಕಟ್ಟಿದರು, ಸಾವಿರಾರು ಜನ ಹಿಂದೆಮುಂದೆ ನೋಡದೆ ಹಂಚಿದರು. ಆ ಮನುಷ್ಯ ಹಾಗೆ ಅಂದದ್ದಕ್ಕೆ ಆರ್ಲೊವ್ ಮಾತಿನಲ್ಲಿ ಆಧಾರವಿಲ್ಲ. ಓದು ಬಲ್ಲವರೂ, ಪಾಠ ಹೇಳುವವರೂ ಇದನ್ನೇ ಇತಿಹಾಸವೆಂದು ಒಪ್ಪಿಸುತ್ತಾರೆ. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಕೇಳುವಷ್ಟು ವ್ಯವಧಾನವೂ ಇಲ್ಲ.

ಅರ್ಖಿಪೊವ್‌ಗೆ ಸಲ್ಲುವ ಗೌರವ ಸಲ್ಲಲಿ. ಆದರೆ ಮೇಲೆ ಬರುವ ಆಜ್ಞೆ ಕೊಟ್ಟವರು ಸವಿಟ್ಸ್ಕಿ. ಅವರ ಹೆಸರನ್ನೂ ಅದೇ ಗೌರವದಿಂದ ಹೇಳಬೇಕು.