ಮಾತನಾಡದ ಗಾಯಾಳುವಿನ ಕುತ್ತಿಗೆ

ಅಡಕೆಯ ಮರದಿಂದ ಬಿದ್ದವನೋ, ಹೆದ್ದಾರಿಯಲ್ಲಿ ಸ್ಕೂಟರಿನಿಂದ ಸಿಡಿದು ಬಿದ್ದವನೋ ಪ್ರಜ್ಞೆಯಿಲ್ಲದೆ ಆಸ್ಪತ್ರೆಗೆ ಬಂದಾಗ, ಜೊತೆಗೆ ಬಂದವರು ಕೇಳುವುದು ತಲೆಯ ಸಂಗತಿಯನ್ನೇ. ರಕ್ತ ಕಾಣುವುದು ಅಲ್ಲಿ, ಬಾವು ಏಳುವುದೂ ಅಲ್ಲಿಯೇ. ಆದರೆ ತಲೆಯನ್ನು ಅಪ್ಪಳಿಸಿದ ವೇಗ ಅದನ್ನು ಹೊತ್ತು ನಿಂತ ಕುತ್ತಿಗೆಯ ಏಳು ಮಣಿಗಳ ಮೇಲೂ ಎರಗಿರಬಹುದು. ಆದ್ದರಿಂದ ಯಾರೂ ಕೇಳದ ಇನ್ನೊಂದು ಪ್ರಶ್ನೆ ಮೊದಲ ಕ್ಷಣದಿಂದಲೇ ವೈದ್ಯರ ಮನಸ್ಸಿನಲ್ಲಿ ಇರಬೇಕಾಗುತ್ತದೆ: ಈ ಕುತ್ತಿಗೆ ಭದ್ರವಾಗಿದೆಯೆ?

ಈ ಮಣಿಗಳ ನಡುವಣ ಓಣಿಯಲ್ಲಿ ಇಳಿದುಬರುವ ಬೆನ್ನುಹುರಿ ಹೆಚ್ಚುಕಡಿಮೆ ಕಿರುಬೆರಳಿನ ಗಾತ್ರದ್ದು. ಕೈಕಾಲುಗಳಿಗೆ ಹೋಗುವ ಆಜ್ಞೆಗಳೆಲ್ಲ ಅದರೊಳಗಿನಿಂದಲೇ ಸಾಗಬೇಕು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ನಡೆಸುವ ನರವೂ ಕುತ್ತಿಗೆಯ ಮೂರು, ನಾಲ್ಕು, ಐದನೆಯ ಮಟ್ಟಗಳಲ್ಲಿ ಹುಟ್ಟುತ್ತದೆ. ಮಣಿ ಮುರಿದರೂ ಒಮ್ಮೊಮ್ಮೆ ಹುರಿ ಉಳಿದಿರುತ್ತದೆ. ಹಾಗೆ ಉಳಿದದ್ದು, ಎತ್ತುವಾಗ ತಲೆ ಜೋತುಬಿದ್ದು ನಲುಗಿಹೋದರೆ, ಜೀವ ಉಳಿದ ಮನುಷ್ಯ ತನ್ನ ಕೈಯಿಂದ ಒಂದು ತುತ್ತನ್ನೂ ಎತ್ತಲಾರದವನಾಗಬಹುದು.

ಎಚ್ಚರವಿರುವವನಲ್ಲಿ ಈ ಪ್ರಶ್ನೆ ಅಷ್ಟು ಕಠಿನವಲ್ಲ. 2000ದಲ್ಲಿ ಅಮೆರಿಕದ 21 ಆಸ್ಪತ್ರೆಗಳ 34,069 ಗಾಯಾಳುಗಳನ್ನು ಕುರಿತ ಅಧ್ಯಯನವೊಂದು ಪ್ರಕಟವಾಯಿತು. ಕುತ್ತಿಗೆಯ ಹಿಂಬದಿಯ ನಡುಗೆರೆಯಲ್ಲಿ ಒತ್ತಿದರೆ ನೋವಿಲ್ಲ, ಅಮಲಿಲ್ಲ, ಎಚ್ಚರ ಪೂರ್ಣವಾಗಿದೆ, ನರಗಳ ದೌರ್ಬಲ್ಯದ ಗುರುತಿಲ್ಲ, ಗಮನವನ್ನು ಬೇರೆಡೆಗೆ ಸೆಳೆಯುವಷ್ಟು ದೊಡ್ಡ ಗಾಯವಿಲ್ಲ. ಈ ಐದೂ ಕೂಡಿದರೆ ಕ್ಷ-ಕಿರಣದ ಚಿತ್ರವೂ ಬೇಡವೆಂಬುದು ಅದರ ನಿರ್ಣಯ. ಕುತ್ತಿಗೆಗೆ ಪೆಟ್ಟಾಗಿದ್ದ 818 ಮಂದಿಯಲ್ಲಿ ಈ ಜರಡಿಯಿಂದ ಜಾರಿದವರು ಎಂಟೇ ಮಂದಿ. "ಅಯ್ಯೋ, ಅಲ್ಲಿ ಮುಟ್ಟಬೇಡಿ" ಎಂಬ ಒಂದು ಮಾತು ಯಂತ್ರದ ಅರ್ಧ ಕೆಲಸವನ್ನು ಮಾಡಿಬಿಡುತ್ತದೆ. ಪ್ರಜ್ಞೆಯಿಲ್ಲದವನಲ್ಲಿ ಆ ಮಾತೇ ಇಲ್ಲ.

ಅದಕ್ಕಾಗಿಯೇ ಅವನ ಕುತ್ತಿಗೆಗೆ ಪೆಟ್ಟಾಗಿದೆಯೆಂದೇ ಭಾವಿಸಿ ನಡೆಯುತ್ತಾರೆ. ಒಬ್ಬರು ತಲೆಯ ಎರಡು ಬದಿಗಳನ್ನೂ ಅಂಗೈಗಳಲ್ಲಿ ಹಿಡಿದು ಅಲುಗದಂತೆ ನಿಲ್ಲಿಸುತ್ತಾರೆ. ಕತ್ತಿಗೆ ಗಟ್ಟಿಯಾದ ಪಟ್ಟಿಯನ್ನು ತೊಡಿಸುತ್ತಾರೆ. ಹೊರಳಿಸಬೇಕಾದಾಗ ನಾಲ್ಕಾರು ಜನ ಸೇರಿ, ತಲೆಯ ಬಳಿ ನಿಂತವರ ಮಾತಿನಂತೆ, ಮರದ ದಿಮ್ಮಿಯನ್ನು ಉರುಳಿಸುವ ಹಾಗೆ ಒಮ್ಮೆಗೇ ಹೊರಳಿಸುತ್ತಾರೆ. ನಾಲಗೆ ಉಸಿರಿನ ದಾರಿಗೆ ಅಡ್ಡಬಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸದೆ ಕೆಳದವಡೆಯನ್ನಷ್ಟೇ ಮುಂದಕ್ಕೆ ಎತ್ತುತ್ತಾರೆ. ಅದರಿಂದಲೂ ದಾರಿ ತೆರೆಯದಿದ್ದರೆ ಕುತ್ತಿಗೆಗಿಂತ ಉಸಿರೇ ಮೊದಲು. ನಮ್ಮ ರಸ್ತೆಗಳಲ್ಲಿ ಇಬ್ಬರು ಕೈಕಾಲು ಹಿಡಿದೆತ್ತಿ ಗಾಯಾಳುವನ್ನು ಆಟೊದೊಳಗೆ ಮಡಿಸಿ ಕೂರಿಸುವುದನ್ನು ನೀವೂ ಕಂಡಿರಬಹುದು. ಅಲ್ಲಿ ದಯೆಗೆ ಕೊರತೆಯಿಲ್ಲ, ಕತ್ತಿನ ನೆನಪು ಮಾತ್ರ ಯಾರಿಗೂ ಇರುವುದಿಲ್ಲ.

ಮಾತು ನಿಂತರೂ ಮೈ ಕೆಲವು ಸಂಗತಿಗಳನ್ನು ತಿಳಿಸುತ್ತದೆ. ಎದೆ ಅಲುಗದೆ ಹೊಟ್ಟೆಯಷ್ಟೇ ಏರಿಳಿಯುತ್ತಿದ್ದರೆ, ಪಕ್ಕೆಲುಬುಗಳ ನಡುವಣ ಸ್ನಾಯುಗಳು ಸೋತು ವಪೆಯೊಂದೇ ದುಡಿಯುತ್ತಿದೆಯೆಂದು ಅರ್ಥ. ರಕ್ತ ಸೋರಿ ಒತ್ತಡ ಕುಸಿದವನ ನಾಡಿ ಸಾಮಾನ್ಯವಾಗಿ ಓಡುತ್ತದೆ, ಚರ್ಮ ತಣ್ಣಗಾಗುತ್ತದೆ. ಒತ್ತಡ ಕುಸಿದೂ ನಾಡಿ ನಿಧಾನವಾಗಿದ್ದು, ಕೈಕಾಲು ಬೆಚ್ಚಗಿದ್ದರೆ ಸಂದೇಹ ಬೆನ್ನುಹುರಿಯ ಕಡೆಗೆ ತಿರುಗುತ್ತದೆ. ಹಾಗೆಂದು ರಕ್ತಸ್ರಾವವನ್ನು ಹುಡುಕದೆ ಬಿಡುವಂತಿಲ್ಲ, ಎರಡೂ ಒಟ್ಟಿಗೆ ಇರುವುದುಂಟು. ಹುಬ್ಬಿನ ಬಳಿ ಒತ್ತಿದಾಗ ಮುಖ ಕಿವುಚಿದವನು ಉಗುರಿನ ಬುಡವನ್ನು ಒತ್ತಿದಾಗ ಅಲುಗದೆ ಮಲಗಿರಬಹುದು. ಮೊಣಕೈಯನ್ನು ಮಡಿಸುವವನು ಅದನ್ನು ಚಾಚಲಾರದೆ ಇರಬಹುದು. ಇಂಥ ಗುರುತುಗಳು ಕಂಡರೆ ಹುರಿಗೆ ಪೆಟ್ಟಾಗಿದೆಯೆಂಬ ಶಂಕೆ ಬಲವಾಗುತ್ತದೆ. ಕಾಣದಿದ್ದರೆ ಕುತ್ತಿಗೆ ಸರಿಯಿದೆಯೆಂದು ಹೇಳುವ ಹಾಗಿಲ್ಲ.

ಹಿಂದೆ ಪಕ್ಕದಿಂದ ತೆಗೆದ ಕ್ಷ-ಕಿರಣದ ಚಿತ್ರವೇ ಮುಖ್ಯ ಆಧಾರವಾಗಿತ್ತು. ಹೆಗಲಿನ ನೆರಳಿನಲ್ಲಿ ಏಳನೆಯ ಮಣಿ ಅಡಗಿಹೋಗುವುದು ಅದರ ದೊಡ್ಡ ತೊಡಕು. ಈಗ ಸಿ.ಟಿ. ಯಂತ್ರ ತಲೆಬುರುಡೆಯ ಬುಡದಿಂದ ಎದೆಯ ಮೊದಲ ಮಣಿಯವರೆಗೆ ಪದರ ಪದರವಾಗಿ ತೋರಿಸುತ್ತದೆ. ವಾದ ಹುಟ್ಟಿದ್ದು ಅದರ ಮುಂದೆ. ಎಲುಬುಗಳು ನೆಟ್ಟಗಿದ್ದು ಅವನ್ನು ಬಿಗಿದ ಕಟ್ಟುಗಳು ಹರಿದಿದ್ದರೆ? ಈ ಅಂಜಿಕೆಯಿಂದ, ರೋಗಿ ಎಚ್ಚೆತ್ತು ಮಾತನಾಡುವವರೆಗೆ, ಇಲ್ಲವೆ ಎಂ.ಆರ್.ಐ. ಆಗುವವರೆಗೆ, ಪಟ್ಟಿಯನ್ನು ದಿನಗಟ್ಟಲೆ ಬಿಟ್ಟುಬಿಡುತ್ತಿದ್ದರು. ಆದರೆ ಪಟ್ಟಿಯೂ ನಿರಪಾಯವಲ್ಲ. ಗದ್ದದ ಕೆಳಗೆ, ಹಿಂದಲೆಯಲ್ಲಿ ಚರ್ಮ ಹುಣ್ಣಾಗುತ್ತದೆ. ಕತ್ತಿನ ಸಿರೆಗಳು ಅದುಮಿ, ಮೊದಲೇ ಬಾತ ಮಿದುಳಿನ ಸುತ್ತಣ ಒತ್ತಡ ಏರುತ್ತದೆ. ಉಸಿರಿನ ನಳಿಕೆಯನ್ನು ಹಾಕುವುದೂ ಕಷ್ಟವಾಗುತ್ತದೆ. ಕೃತಕ ಉಸಿರಾಟದಲ್ಲಿರುವವನನ್ನು ಎಂ.ಆರ್.ಐ. ಕೋಣೆಗೆ ಸಾಗಿಸುವುದೇ ಒಂದು ಸಾಹಸ. 2015ರಲ್ಲಿ ಅಮೆರಿಕದ ಆಘಾತ ಶಸ್ತ್ರಚಿಕಿತ್ಸಕರ ಸಂಘವೊಂದು, ಉತ್ತಮ ಗುಣಮಟ್ಟದ ಸಿ.ಟಿ. ಚಿತ್ರ ನಿರ್ದೋಷವಾಗಿದ್ದರೆ ಅಷ್ಟರಿಂದಲೇ ಪಟ್ಟಿಯನ್ನು ತೆಗೆಯಬಹುದೆಂದು ಷರತ್ತಿನ ಶಿಫಾರಸು ಮಾಡಿತು. ಇದು ವಿವೇಕದ ಮಾತೆಂದೇ ನನ್ನ ಅಭಿಪ್ರಾಯ. ಆದರೆ ನಾಲ್ಕೂ ಕೈಕಾಲುಗಳು ಆಡಿದ್ದನ್ನು ಯಾರಾದರೂ ಕಂಡಿರಬೇಕು. ಒಂದು ಆಡದಿದ್ದರೂ ಎಂ.ಆರ್.ಐ. ತಪ್ಪದು.

ಮುದಿತನದಿಂದಲೋ ಕೀಲುಗಳ ಬೇನೆಯಿಂದಲೋ ಬೆನ್ನೆಲುಬು ಬೆಸೆದು ಬಿದಿರಿನಂತೆ ಸೆಟೆದುಕೊಂಡವರದು ಬೇರೆಯೇ ಕಥೆ. ಅವರ ಕತ್ತು ಸಣ್ಣ ಬೀಳಿಗೂ ಮುರಿಯುತ್ತದೆ. ವರ್ಷಗಟ್ಟಲೆ ಮುಂದಕ್ಕೆ ಬಾಗಿದ್ದ ಕತ್ತನ್ನು ಪಟ್ಟಿಗೆ ಹೊಂದಿಸಲೆಂದು ನೆಟ್ಟಗೆ ಮಾಡಹೋದರೆ ಉಳಿದಿದ್ದ ಹುರಿಯೂ ಹೋದೀತು. ಇವರು ಮೊದಲಿನಿಂದಲೂ ಕತ್ತು ಬಗ್ಗಿಸಿಯೇ ನಡೆಯುತ್ತಿದ್ದರೆ, ಮಲಗುವಾಗ ಎಷ್ಟು ದಿಂಬು ಬೇಕಾಗುತ್ತಿತ್ತು ಎಂದು ವೈದ್ಯರು ಕೇಳಿದರೆ ಹೊರಗೆ ಕುಳಿತ ಮಗನಿಗೆ ವಿಚಿತ್ರವೆನಿಸಬಹುದು. ತಂದೆಯ ತಲೆಯ ಕೆಳಗೆ ಬಟ್ಟೆಯ ಮಡಿಕೆಯನ್ನು ಎಷ್ಟು ಎತ್ತರಕ್ಕೆ ಇಡಬೇಕೆಂಬುದನ್ನು ಒಳಗಿರುವವರು ಅವನ ಉತ್ತರದಿಂದಲೇ ಗೊತ್ತುಮಾಡಿಕೊಳ್ಳುತ್ತಾರೆ.