ಚಿಕ್ಕ ಹಕ್ಕಿಯ ದೊಡ್ಡ ಚಿತ್ರ

ನಮ್ಮ ಸಂಘದ ಗೆಳೆಯರು ಆಗಾಗ ಹಕ್ಕಿಯ ಫೋಟೋ ತಂದು ತೋರಿಸುತ್ತಾರೆ. ಅದರಲ್ಲಿ ಆಕಾಶ ಇರುತ್ತದೆ, ಜಾಲಿಗಿಡ ಇರುತ್ತದೆ, ಕರೆಂಟಿನ ತಂತಿಯೂ ಇರುತ್ತದೆ. ಹಕ್ಕಿಯನ್ನು ಮಾತ್ರ ಬೆರಳಿಟ್ಟು ತೋರಿಸಬೇಕಾಗುತ್ತದೆ. ಕೇಳಿದರೆ ಎಲ್ಲರದೂ ಒಂದೇ ಮಾತು: "ದೊಡ್ಡ ಲೆನ್ಸ್ ಇಲ್ಲಪಾ, ಏನ್ ಮಾಡೋದು?" ದೊಡ್ಡ ಲೆನ್ಸಿನ ದುಡ್ಡಿಗೆ ಒಂದು ಮೋಟಾರ್ ಸೈಕಲ್ ಬರುತ್ತದೆ, ಇನ್ನೂ ದೊಡ್ಡದಾದರೆ ಕಾರೇ ಬರುತ್ತದೆ. ನಾನು ಕಾಮರ್ಸ್ ಓದುವವನು. ಖರ್ಚು ಬರೆಯುವ ಮೊದಲು ಅದು ಬೇಕೇ ಎಂದು ಲೆಕ್ಕ ಹಾಕುವುದು ನಮಗೆ ಕಲಿಸಿದ ಪಾಠ.

ಎಲೆ ಹೊಲಿದು ಗೂಡು ಕಟ್ಟುವ ಟುವ್ವಿ ಹಕ್ಕಿಯನ್ನೇ ತೆಗೆದುಕೊಳ್ಳಿ. ಉದ್ದ ಸುಮಾರು 13 ಸೆಂಟಿಮೀಟರ್. 300 ಮಿಲಿಮೀಟರ್ ಲೆನ್ಸಿನಿಂದ 10 ಮೀಟರ್ ದೂರದಲ್ಲಿ ತೆಗೆದರೆ ಕ್ಯಾಮೆರಾದ ಸೆನ್ಸರ್ ಮೇಲೆ ಬೀಳುವ ಬಿಂಬ ಬರೀ 4 ಮಿಲಿಮೀಟರ್. ನಮ್ಮಂಥವರ ಕ್ಯಾಮೆರಾದ ಸೆನ್ಸರ್ ಅಗಲ ಸುಮಾರು 23 ಮಿಲಿಮೀಟರ್. ಹಕ್ಕಿಗೆ ಸಿಕ್ಕಿದ್ದು ಅದರಲ್ಲಿ ಆರನೆಯ ಒಂದು ಪಾಲು. ಅದೇ ಲೆನ್ಸಿನಿಂದ 5 ಮೀಟರಿನಲ್ಲಿ ತೆಗೆದರೆ ಬಿಂಬ 8 ಮಿಲಿಮೀಟರ್ ಆಗುತ್ತದೆ, ವಿಸ್ತೀರ್ಣ ನಾಲ್ಕು ಪಟ್ಟು. ಅಂದರೆ ದೂರವನ್ನು ಅರ್ಧ ಮಾಡಿದವನು 600 ಮಿಲಿಮೀಟರ್ ಲೆನ್ಸನ್ನು ಪುಕ್ಕಟೆ ಗಳಿಸಿದ ಹಾಗೆ! ಕಂಪ್ಯೂಟರಿನಲ್ಲಿ ಕತ್ತರಿಸಿ ಹಿಗ್ಗಿಸಿದರೆ ಇಲ್ಲದ ಗರಿ ಹುಟ್ಟುವುದಿಲ್ಲ. ಇನ್ನೊಂದು ಮಾತು. ನಮ್ಮ ಶಂಶಾಬಾದಿನ ಬಂಡೆಗಳು ಬೇಸಿಗೆಯಲ್ಲಿ ಬೆಳಿಗ್ಗೆಯೇ ಕಾಯತೊಡಗುತ್ತವೆ. ಮೇಲಿನ ಗಾಳಿ ನೀರಿನಂತೆ ನಡುಗುತ್ತದೆ. ಅದರ ಮೂಲಕ ದೂರದ ಹಕ್ಕಿಯನ್ನು ತೆಗೆದರೆ ಎಂಥ ಲೆನ್ಸಿದ್ದರೂ ಚಿತ್ರ ಕಲಸಿಹೋಗುತ್ತದೆ.

ಹಾಗಾದರೆ ಹತ್ತಿರ ಹೋಗುವುದು ಹೇಗೆ? ಹೋಗುವುದಲ್ಲ, ಹಕ್ಕಿಯೇ ಬರಬೇಕು. ಸಲೀಂ ಅಲಿಯವರು 1931-32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಹಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಲು ಕೋವಿಯೇ ಬೇಕಿತ್ತು. ನಮಗೆ ಸಾಕಾಗುವುದು ಒಂದು ಹಳೆಯ ಚಾದರ. ಹಕ್ಕಿ ಹೆದರುವುದು ಎರಡು ಕಾಲಿನ ಮನುಷ್ಯನ ಆಕಾರಕ್ಕೆ, ಅವನ ಕೈಯ ಚಲನೆಗೆ. ಇಂಗ್ಲೆಂಡಿನ ಕೀರ್ಟನ್ ಸಹೋದರರು 1900ರ ಸುಮಾರಿಗೆ ಟೊಳ್ಳು ಎತ್ತೊಂದನ್ನು ಮಾಡಿಸಿ ಅದರ ಹೊಟ್ಟೆಯೊಳಗೆ ಕೂತು ಫೋಟೋ ತೆಗೆದರಂತೆ. ನಾವು ಅಷ್ಟು ದೂರ ಹೋಗುವುದು ಬೇಡ. ಮಣ್ಣಿನ ಬಣ್ಣದ ಚಾದರವನ್ನು ಪೊದೆಗೆ ಇಳಿಬಿಟ್ಟು, ಲೆನ್ಸಿನಷ್ಟು ತೂತು ಬಿಟ್ಟು ಹಿಂದೆ ಕೂತರೆ ಮರೆ ಆಯಿತು. ನಿಂತ ಕಾರು ಸಿಕ್ಕರೆ ಇನ್ನೂ ಛಲೋ. ಹಕ್ಕಿಗಳು ಕಾರನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. (ಏರ್‌ಪೋರ್ಟ್ ಗೋಡೆಯ ಹತ್ತಿರ ಮಾತ್ರ ಉದ್ದ ಲೆನ್ಸ್ ಹಿಡಿದು ಕೂರಬೇಡಿ. ಹಕ್ಕಿಗಿಂತ ಮೊದಲು ಸೆಕ್ಯುರಿಟಿಯವರು ಬರುತ್ತಾರೆ.)

ಮರೆಯ ಮುಂದೆ ಮೂರು ನಾಲ್ಕು ಮೀಟರಿನಲ್ಲಿ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ಪಕ್ಕದಲ್ಲಿ ಒಂದು ಒಣ ಕೊಂಬೆ ನೆಡಿ. ಮೊದಲ ಮೂರ್ನಾಲ್ಕು ದಿನ ಕ್ಯಾಮೆರಾ ಬೇಡ, ನೀರಿಟ್ಟು ಬಂದುಬಿಡಿ. ಬೇಸಿಗೆಯಲ್ಲಿ ಪಿಕಳಾರ, ಮುನಿಯ, ಸೂರಕ್ಕಿ ಎಲ್ಲ ಕ್ರಮೇಣ ರೂಢಿ ಮಾಡಿಕೊಳ್ಳುತ್ತವೆ. ಕಳ್ಳಿಪೀರಕ್ಕೆ ನೀರಿನ ಆಸೆಯೂ ಬೇಕಿಲ್ಲ, ಹುಳ ಹಿಡಿದು ಮತ್ತೆ ಅದೇ ಕೊಂಬೆಗೆ ವಾಪಸ್ಸು ಬರುವುದು ಅದರ ಸ್ವಭಾವ. ಕೊಂಬೆಯ ಹಿಂದಿನ ಪೊದೆ ಎಷ್ಟು ದೂರವಿದ್ದರೆ ಹಿನ್ನೆಲೆ ಅಷ್ಟು ಮೃದು. ಬೆಳಗಿನ ಸೂರ್ಯ ನಿಮ್ಮ ಬೆನ್ನಿಗಿರಲಿ, ಆಗ ಹಕ್ಕಿಯ ಕಣ್ಣಿನಲ್ಲಿ ಒಂದು ಬೆಳಕಿನ ಚುಕ್ಕೆ ಕೂರುತ್ತದೆ. ಆ ಚುಕ್ಕೆ ಇಲ್ಲದ ಹಕ್ಕಿ ಮ್ಯೂಸಿಯಮ್ಮಿನ ಹಕ್ಕಿಯಂತೆ ಕಾಣುತ್ತದೆ.

ಹತ್ತಿರ ಬಂದರೆ ಇನ್ನೊಂದು ಪೇಚು. 300 ಮಿಲಿಮೀಟರ್ ಲೆನ್ಸು, ಅಪರ್ಚರ್ 5.6, ದೂರ 5 ಮೀಟರ್ ಇದ್ದಾಗ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್. 3 ಮೀಟರಿನಲ್ಲಿ 2 ಸೆಂಟಿಮೀಟರ್ ಅಷ್ಟೆ! ಆದ್ದರಿಂದ ಫೋಕಸ್ ಕಣ್ಣಿಗೇ ಇರಬೇಕು, ಬೆಳಕು ಸಾಕಷ್ಟಿದ್ದರೆ ಅಪರ್ಚರ್ 8ಕ್ಕೆ ಹೋಗಬೇಕು. ಚಿಕ್ಕ ಹಕ್ಕಿ ಕೂತಲ್ಲೇ ಕತ್ತು ತಿರುಗಿಸುತ್ತಿರುತ್ತದೆ, ಶಟರ್ 1/1000 ಸೆಕೆಂಡಿಗೆ ಇಳಿಯದಿರಲಿ. ಐಎಸ್‌ಓ ಏರಿಸಿ ಚಿತ್ರದಲ್ಲಿ ರವೆ ರವೆ ಬಂದರೂ ಚಿಂತೆಯಿಲ್ಲ, ಅಲುಗಿದ ಚಿತ್ರವನ್ನು ಯಾರೂ ಸರಿಮಾಡಲಾರರು. ಟ್ರೈಪಾಡ್ ಇಲ್ಲದವರು ಬಟ್ಟೆ ಚೀಲದಲ್ಲಿ ಎರಡು ಕಿಲೋ ಜೋಳ ತುಂಬಿ ಬಂಡೆಯ ಮೇಲಿಟ್ಟು ಲೆನ್ಸನ್ನು ಅದರ ಮೇಲೆ ಮಲಗಿಸಿದರಾಯಿತು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು (1938-2007) ಹಕ್ಕಿಗಳ ಬೆನ್ನು ಹತ್ತಿದ್ದು ಬಹುಪಾಲು ಫಿಲ್ಮಿನ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರ, ತೊಳೆಸಿ ತರುವವರೆಗೆ ಏನು ಬಂದಿದೆಯೋ ಗೊತ್ತಿಲ್ಲ. ಕಾಯುವುದು ಆಗ ಅನಿವಾರ್ಯವಾಗಿತ್ತು. ನಾವು ಒಂದು ನಿಮಿಷಕ್ಕೆ ನೂರು ತೆಗೆದು ಒಂದನ್ನೂ ನೋಡುವುದಿಲ್ಲ.

ಇನ್ನು ಗೂಡಿನ ವಿಷಯ. ಹಕ್ಕಿ ಬಂದೇ ಬರುವ ಜಾಗ ಅದು, ಹಿಂದೆ ಒಳ್ಳೆಯ ಚಿತ್ರಗಳೆಷ್ಟೋ ಅಲ್ಲೇ ಹುಟ್ಟಿದವು. ಆದರೆ ಚಿತ್ರಕ್ಕೆ ಅಡ್ಡವೆಂದು ನಾವು ಸರಿಸಿದ ಎರಡು ಎಲೆ ಮರಿಗೆ ನೆರಳಾಗಿತ್ತು, ಕಾಗೆಯ ಕಣ್ಣಿಗೆ ಪರದೆಯಾಗಿತ್ತು. ತಾಯಿ ಹೆದರಿ ಅರ್ಧ ಗಂಟೆ ದೂರ ಕೂತರೆ ನಮ್ಮ ಬಿಸಿಲಿಗೆ ಮರಿ ಉಳಿಯುವುದು ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಮೊಟ್ಟೆ, ಗೂಡು ಕದಡುವುದನ್ನೂ ಬೇಟೆಯ ಅರ್ಥದೊಳಗೇ ಸೇರಿಸಿದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ಶತ್ರು ಬಂದನೆಂದು ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ, ನಾವದನ್ನು ಒಳ್ಳೆಯ ಪೋಸ್ ಎಂದುಕೊಳ್ಳುತ್ತೇವೆ.

ಹಿಮಾಯತ್ ಸಾಗರದ ಕಡೆ ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಡುವವರು ಹೇಳಿ. ಮಣ್ಣಿನ ತಟ್ಟೆ ನನ್ನ ಹತ್ತಿರ ಎರಡಿವೆ, ಚಾದರ ನೀವು ತನ್ನಿ.